ಸ್ಥಳವು ಗೊತ್ತು, ಗಳಿಗೆಯು ಗೊತ್ತಿಲ್ಲ

ಓದತಕ್ಕ ವೇದಭಾಗಗಳು: ಲೂಕ 12:35–40, ಯೋಹಾನ 14:1–3.



ನಮ್ಮ ಮಂಗಳೂರು ಭೂಮಧ್ಯರೇಖೆಯ ಉತ್ತರಕ್ಕೆ 12 ಡಿಗ್ರಿಯನ್ನು ದಾಟಿದ ಸ್ಥಳದಲ್ಲಿರುವದಷ್ಟೆ. ಹೆಚ್ಚು ಕಡಿಮೆ ಅದೇ ಅಳತೆಯಲ್ಲಿ, ಪಶ್ಚಿಮಕ್ಕೆ ಬಹು ದೂರ, ಕೆರಿಬಿಯನ್ ಸಮುದ್ರದ ಅಂಚಿನಲ್ಲಿ ಗ್ರೆನೇಡಾ ಎಂಬ ದ್ವೀಪವುಂಟು. ಅದರ ತೆಂಕಣ ಕೊಲ್ಲಿಗಳಲ್ಲಿ ಹಾಯಿದೋಣಿಯನ್ನೇ ಮನೆಮಾಡಿಕೊಂಡು ವಾಸಿಸುವ ಜನರಿದ್ದಾರೆ. ಇವರಲ್ಲಿ ಪ್ರಾಯಹೋದ ಗಂಡಹೆಂಡರೂ ಉಂಟು. ಅವರ ಮಕ್ಕಳು ಮೊಮ್ಮಕ್ಕಳು ದೂರದ ಶೀತದೇಶಗಳಲ್ಲಿರುತ್ತಾರೆ. ನಿಮ್ಮನ್ನು ನೋಡಲಿಕ್ಕೆ ಬರುತ್ತೇವೆಂದು ಮಕ್ಕಳು ತಿಳಿಸಿದರೆ ಆ ಸಣ್ಣ ದೋಣಿಯಲ್ಲಿ ಎಂಥ ಸಂಭ್ರಮ! ಕರ್ತನ ಬರೋಣಕ್ಕಾಗಿ ಕಾದಿರುವ ನಾವು ಅವರ ಕಾಯುವಿಕೆಯಿಂದ ಮೂರು ಪಾಠಗಳನ್ನು ಕಲಿಯೋಣ.

ಮೊದಲನೆಯದು, ಕಾಯುವವನು ಶುದ್ಧಿಮಾಡುತ್ತಾನೆ. ಉಷ್ಣದೇಶದ ನೀರಿನಲ್ಲಿ ನಿಂತ ದೋಣಿಯ ಅಡಿಗೆ ಪಾಚಿಯೂ ಚಿಪ್ಪಿನ ಸಣ್ಣ ಜೀವಿಗಳೂ ಬೇಗನೆ ಅಂಟಿಕೊಳ್ಳುತ್ತವೆ. ಮೇಲಿನಿಂದ ನೋಡುವವನಿಗೆ ಏನೂ ಕಾಣದು. ಆದರೆ ಹಾಯಿ ಬಿಚ್ಚಿದಾಗ ದೋಣಿಯು ಮುಂದೆ ಸಾಗದು. ಆದಕಾರಣ ಯಜಮಾನನು ನೀರಿನೊಳಗೆ ಮುಳುಗಿ ಅದನ್ನು ಕೆರೆಯಬೇಕು. ಒಳಗಾದರೋ ಅತಿಥಿಗಳು ಮಲಗತಕ್ಕ ಸ್ಥಳವು ಹಗ್ಗಗಳಿಂದಲೂ ಹಳೆಯ ಹಾಯಿಗಳಿಂದಲೂ ತುಂಬಿರುತ್ತದೆ. ಹಾಸಿಗೆಗೆ ಬೂಷ್ಟು ಹಿಡಿದಿರುತ್ತದೆ. ಎಲ್ಲವನ್ನು ಹೊರಗೆ ತೆಗೆದು ಬಿಸಿಲಿಗೆ ಹಾಕಬೇಕು. ಪ್ರಿಯರೇ, ನಮ್ಮ ಹೃದಯದಲ್ಲಿ ಕರ್ತನಿಗೆಂದು ಇಟ್ಟ ಸ್ಥಳದಲ್ಲಿ ಈಗ ಏನೇನು ತುಂಬಿರುವದು? ಕಣ್ಣಿಗೆ ಕಾಣದೆ ಅಡಿಯಲ್ಲಿ ಬೆಳೆಯುವ ಮತ್ಸರವನ್ನೂ ಹಗೆಯನ್ನೂ ಕೆರೆದುಹಾಕಿದ್ದೇವೋ?

ಎರಡನೆಯದು, ಕಾಯುವವನಿಗೆ ಲಂಗರು ಬೇಕು. ನೀರು ಐದು ಮಾರು ಆಳವಿದ್ದರೆ ಅವರು ಇಪ್ಪತ್ತೈದು ಮಾರು ಸರಪಣಿಯನ್ನಾದರೂ ಇಳಿಬಿಡುತ್ತಾರೆ. ಯಾಕಂದರೆ ಉದ್ದವಾದ ಸರಪಣಿಯು ನೆಲದ ಮೇಲೆ ಮಲಗಿ ಲಂಗರನ್ನು ಅಡ್ಡಕ್ಕೆ ಎಳೆಯುವದರಿಂದ ಅದು ಮಣ್ಣಿನಲ್ಲಿ ಇನ್ನೂ ಆಳಕ್ಕೆ ಕಚ್ಚಿಕೊಳ್ಳುವದು. ಗಿಡ್ಡ ಸರಪಣಿಯಾದರೋ ಅದನ್ನು ಮೇಲಕ್ಕೆ ಕಿತ್ತುಬಿಡುವದು. ಭಾನುವಾರ ಮಾತ್ರ ಪ್ರಾರ್ಥಿಸುವವನ ನಂಬಿಕೆಯು ಗಿಡ್ಡ ಸರಪಣಿಯಂಥದು. ಆ ಸಮುದ್ರದಲ್ಲಿ ಜೂನಿನಿಂದ ನವೆಂಬರದ ವರೆಗೆ ಚಂಡಮಾರುತಗಳ ಕಾಲ. 2024ನೇ ಇಸವಿ ಜುಲೈ 1ನೇ ತಾರೀಕಿನಲ್ಲಿ ಬೆರಿಲ್ ಎಂಬ ಚಂಡಮಾರುತವು ಗ್ರೆನೇಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪವನ್ನು ಹೊಡೆಯಿತು. ಕಾಂಡ್ಲಾ ಗಿಡಗಳ ಮರೆಹೊಕ್ಕ ದೋಣಿಗಳಲ್ಲಿಯೂ ಅನೇಕವು ಒಡೆದುಹೋದವು. ಮನುಷ್ಯರ ಲಂಗರಿಗೂ ಆಶ್ರಯಕ್ಕೂ ಒಂದು ಮೇರೆಯುಂಟು. ನಮ್ಮ ಲಂಗರಾದರೋ ತೆರೆಯ ಒಳಗೆ ಪರಲೋಕದಲ್ಲಿಯೇ ನೆಟ್ಟಿರುವದೆಂದು ಇಬ್ರಿಯರ ಪತ್ರಿಕೆಯು 6:19ರಲ್ಲಿ ಕಲಿಸುತ್ತದೆ.

ಮೂರನೆಯದು, ಈ ದೋಣಿಯವರಲ್ಲಿ ಒಂದು ರೂಢಿಯ ಮಾತುಂಟು. ಅದೇನಂದರೆ, ನಮ್ಮನ್ನು ಭೇಟಿಯಾಗುವ ಸ್ಥಳವನ್ನಾದರೂ ನೀವು ಗೊತ್ತುಮಾಡಬಹುದು, ದಿನವನ್ನಾದರೂ ಗೊತ್ತುಮಾಡಬಹುದು, ಎರಡನ್ನೂ ಮಾಡಲಾಗದು ಎಂಬದೇ. ಯಾಕಂದರೆ ಹಾಯಿಯು ಗಾಳಿಗೆ ಅಧೀನವಾದದ್ದು. ಮಾತುಕೊಟ್ಟ ದಿನಕ್ಕಾಗಿ ಕೆಟ್ಟ ಹವೆಯಲ್ಲಿ ಹೊರಟವರು ಆಪತ್ತಿಗೆ ಸಿಕ್ಕುತ್ತಾರೆ. ನೋಡಿರಿ, ನಮ್ಮ ಕರ್ತನು ಗಾಳಿಗೆ ಅಧೀನನಲ್ಲ, ಗಾಳಿಯೇ ಆತನಿಗೆ ಅಧೀನ. ಆದರೂ ಆತನು ನಮಗೆ ಸ್ಥಳವನ್ನು ಮಾತ್ರ ತಿಳಿಸಿದನು, ಅದು ತಂದೆಯ ಮನೆ. ಗಳಿಗೆಯನ್ನು ತಿಳಿಸಲಿಲ್ಲ. ದಿನವು ಗೊತ್ತಿದ್ದರೆ ನಾವು ಹಿಂದಿನ ಸಾಯಂಕಾಲದ ವರೆಗೆ ಎಲ್ಲವನ್ನು ಮುಂದಕ್ಕೆ ಹಾಕುತ್ತಿದ್ದೆವಲ್ಲವೇ?

ಈ ವಿಷಯದಲ್ಲಿ ನನ್ನ ಸ್ವಂತ ತಪ್ಪನ್ನು ಮರೆಮಾಡದೆ ಹೇಳುತ್ತೇನೆ. ನಮ್ಮ ಸಭೆಯ ಒಬ್ಬ ಮುದುಕರ ಮಗನು ಜಗಳಮಾಡಿ ಮನೆಬಿಟ್ಟು ಹೋಗಿದ್ದನು. ಮುದುಕರು ಪ್ರತಿ ಸಾಯಂಕಾಲ ಜಗಲಿಯಲ್ಲಿ ದೀಪವಿಟ್ಟು ಕೂತಿರುತ್ತಿದ್ದರು. ಒಂದು ದಿನ ನನ್ನನ್ನು ಕರೆದು, “ಉಪದೇಶಿಗಳೇ, ಅವನಿಗೆ ಒಂದು ಕಾಗದ ಬರೆಯಿರಿ. ನನ್ನ ಸಿಟ್ಟು ಹೋಯಿತು, ಬರಲಿ” ಅಂದರು. ಕೊಯ್ಲಿನ ಹಬ್ಬವಾದ ಮೇಲೆ ಬರೆಯುತ್ತೇನೆಂದೆನು. ಹಬ್ಬ ಬರುವದಕ್ಕೆ ಮುಂಚೆಯೇ ಅವರನ್ನು ಸಮಾಧಿಗೆ ಹೊತ್ತೆವು. ಸಾವಿನ ಸುದ್ದಿ ಕೇಳಿ ಬಂದ ಮಗನು ಗುಂಡಿಯ ಬಳಿಯಲ್ಲಿ ನಿಂತು, “ಉಪದೇಶಿಗಳೇ, ಅಪ್ಪ ನನ್ನ ಹೆಸರು ಹೇಳಿದರೋ?” ಎಂದು ಕೇಳಿದನು. ಹೇಳಿದರು ಅಂದೆನು. ಹಾಗಾದರೆ ನನಗೆ ಯಾಕೆ ತಿಳಿಸಲಿಲ್ಲವೆಂಬ ಎರಡನೆಯ ಪ್ರಶ್ನೆಯನ್ನು ಅವನು ಕೇಳಲಿಲ್ಲ. ಅದು ಈ ದಿನದ ವರೆಗೂ ನನ್ನ ಕಿವಿಯಲ್ಲಿರುವದು. ನನ್ನ ಆಲಸ್ಯವನ್ನು ಅವನ ಮುಂದೆ ಅರಿಕೆಮಾಡಿ ಕ್ಷಮೆ ಬೇಡಿಕೊಂಡೆನು, ಅವನು ಕ್ಷಮಿಸಿದನು, ಆದರೆ ಬರೆಯದ ಕಾಗದವು ಬರೆಯದೆಯೇ ಉಳಿಯಿತು.

ಆದಕಾರಣ, ಪ್ರಿಯರೇ, ನಡುಕಟ್ಟಿಕೊಳ್ಳುವದೂ ದೀಪವನ್ನು ಉರಿಸಿಡುವದೂ ಅಂದರೆ ಆಕಾಶವನ್ನು ನೋಡುತ್ತಾ ಸುಮ್ಮನೆ ಕೂತಿರುವದಲ್ಲ. ಇಂದಿನ ಸಮಾಧಾನವನ್ನು ನಾಳೆಗೆ ಇಡದಿರುವದೇ. ಯಾವನಾದರೂ ನಿಮಗಾಗಿ ಜಗಲಿಯಲ್ಲಿ ಕಾದಿದ್ದರೆ ಈ ಹೊತ್ತೇ ಹೋಗಿರಿ. ಯಾವನಾದರೂ ನಿಮ್ಮ ಒಂದು ಮಾತಿಗಾಗಿ ದೂರದೇಶದಲ್ಲಿ ಕಾದಿದ್ದರೆ ಈ ರಾತ್ರಿಯೇ ಬರೆಯಿರಿ. ಹಾಗೆ ಮಾಡುವವರನ್ನು ಕರ್ತನು ಯಾವ ಜಾವದಲ್ಲಿ ಬಂದರೂ ಎಚ್ಚರವಾಗಿಯೇ ಕಾಣುವನು. ಆಮೆನ್.