ಮೊಮ್ಮಕ್ಕಳನ್ನು ಬಿಟ್ಟು ಬಂದವರು

ಹೈದರಾಬಾದಿನಲ್ಲಿ ನಾವಿರುವ ಕಟ್ಟಡದ ಮೂರನೆಯ ಮಹಡಿಗೆ ಕೆಲವು ವರ್ಷಗಳ ಹಿಂದೆ ಅಮೆರಿಕದ ವೃದ್ಧ ದಂಪತಿಗಳು ಬಾಡಿಗೆಗೆ ಬಂದರು. ಯಜಮಾನರಿಗೆ ಅರವತ್ತೆಂಟು, ಆಕೆಗೆ ಅರವತ್ತಾರು. ಯೂಟಾ ಪ್ರಾಂತ್ಯದವರು. ನೆರೆಯವರೆಂದು ಮರುದಿನವೇ ಕಾಫಿಗೆ ಕರೆದೆವು. ಬಂದರು, ಕುಳಿತರು, ಕಾಫಿ ಮಾತ್ರ ಬೇಡವೆಂದರು. ಟೀಯೂ ಬೇಡ. ಅವರ ಮತದಲ್ಲಿ ಮದ್ಯ, ತಂಬಾಕುಗಳ ಸಾಲಿನಲ್ಲೇ ಕಾಫಿ, ಟೀಗಳೂ ನಿಷಿದ್ಧವಂತೆ. ಚಿಕ್ಕಮಗಳೂರಿನಿಂದ ಪುಡಿ ತರಿಸಿ ಕುಡಿಯುವ ಮನೆಯಲ್ಲಿ ಇದೊಂದು ಸಣ್ಣ ಆಘಾತವೇ ಸರಿ. ನಮ್ಮ ಮನೆಯವರು ಮಜ್ಜಿಗೆ ತಂದುಕೊಟ್ಟರು. ಇಂಗು, ಹಸಿಮೆಣಸಿನ ಒಗ್ಗರಣೆಗೆ ಆಕೆ ಕೆಮ್ಮಿದರು. ಆದರೂ ಲೋಟ ಖಾಲಿ ಮಾಡಿಯೇ ಎದ್ದರು.

ಅವರು ಬಂದದ್ದು ತಮ್ಮ ಚರ್ಚಿನ ಸೇವೆಗೆ. 1830ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಪಂಥವನ್ನು ಜನ ಮಾರ್ಮನ್ ಎಂದು ಕರೆಯುವುದುಂಟು. 2018ರಿಂದ ಆ ಹೆಸರು ಬೇಡ, ಪೂರ್ಣ ಹೆಸರನ್ನೇ ಬಳಸಿ ಎಂದು ಅವರು ಕೇಳಿಕೊಳ್ಳುತ್ತಿದ್ದಾರೆ. ಇಪ್ಪತ್ತರ ಹರೆಯದ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಮತಪ್ರಚಾರಕ್ಕೆ ಹೋಗುವುದು ಅಲ್ಲಿ ಸಾಮಾನ್ಯ. ನಮಗೆ ಹೊಸದಾಗಿ ತಿಳಿದದ್ದೆಂದರೆ, ನಿವೃತ್ತರಾದ ಗಂಡಹೆಂಡಿರೂ ಹೀಗೆ ಹೊರಡುತ್ತಾರೆ ಎಂಬುದು. ಆರು ತಿಂಗಳು, ಹನ್ನೆರಡು, ಹದಿನೆಂಟು, ಇಪ್ಪತ್ತಮೂರು, ಹೀಗೆ ಅವಧಿಗಳಿವೆ. ಸಂಬಳವಿಲ್ಲ; ಬಾಡಿಗೆ, ಊಟ, ಓಡಾಟವೆಲ್ಲ ತಮ್ಮ ಗಂಟಿನಿಂದಲೇ. ಹುಡುಗರಂತೆ ಬಾಗಿಲು ಬಾಗಿಲು ತಟ್ಟಬೇಕೆಂಬ ಕಟ್ಟುಪಾಡಿಲ್ಲ. ಕಚೇರಿಯ ಲೆಕ್ಕಪತ್ರ, ಪರಿಹಾರ ಕಾರ್ಯ, ಸ್ಥಳೀಯ ಸಭೆಗಳಿಗೆ ನೆರವು ಇಂಥವೇ ಹೆಚ್ಚು. ಭಾರತದಲ್ಲಿ ಅವರ ಸಭೆಗಳ ಮೊದಲ ದೊಡ್ಡ ಒಕ್ಕೂಟ ರಚನೆಯಾದದ್ದು ನಮ್ಮ ಹೈದರಾಬಾದಿನಲ್ಲೇ, 2012ರಲ್ಲಿ. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಿದ್ದಾರೆ.

ಮೊದಲ ತಿಂಗಳು ಅವರ ಪಾಡು ನೋಡಲಾಗುತ್ತಿರಲಿಲ್ಲ. ರಸ್ತೆ ದಾಟಲು ಕಾಲು ಗಂಟೆ ನಿಲ್ಲುವರು. ನೀರಿನ ಟ್ಯಾಂಕರ್ ಬರುವ ಹೊತ್ತು ತಿಳಿಯದು. ತರಕಾರಿಯವನು ತಲೆಯಾಡಿಸಿದರೆ ಅದು ಹೌದೋ ಅಲ್ಲವೋ ಎಂದು ನಮ್ಮನ್ನು ಬಂದು ಕೇಳುವರು. ನಲವತ್ತು ವರ್ಷ ಒಂದೇ ಮನೆಯಲ್ಲಿ ಸಂಸಾರ ಮಾಡಿದಾಕೆ ಕುಕ್ಕರಿನ ಸೀಟಿಗೆ ಹೆದರಿ ಅಡಿಗೆಮನೆಯಿಂದ ಹೊರಗೆ ಓಡಿಬಂದದ್ದನ್ನು ನಾವೇ ಕಂಡಿದ್ದೇವೆ. ಮೂರು ತಿಂಗಳಲ್ಲಿ ಆಕೆಯೇ ನಮ್ಮ ಮನೆಯವರಿಗೆ, ಎರಡು ಬೀದಿ ಆಚೆ ಟೊಮೇಟೊ ಅಗ್ಗವೆಂದು ಸುದ್ದಿ ಕೊಡುವಂತಾದರು.

ಆ ದಂಪತಿಗಳಿಗೆ ಹನ್ನೊಂದು ಜನ ಮೊಮ್ಮಕ್ಕಳು. ಹನ್ನೆರಡನೆಯದು ಹುಟ್ಟಿದ್ದು ಅವರು ಇಲ್ಲಿರುವಾಗಲೇ. ಫೋನಿನ ಪರದೆಯಲ್ಲಿ ಕೂಸನ್ನು ನಮಗೂ ತೋರಿಸಿದರು. ಎಲ್ಲರೂ ನಕ್ಕೆವು, ಅವರು ಹೋದ ಮೇಲೆ ನಮ್ಮ ಮನೆಯವರು, "ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ಇದೇ ನೋಡ್ರಿ. ಬಾಣಂತನಕ್ಕೆ ತಾಯಿ ಇಲ್ಲದಂತಾಯ್ತು ಆ ಹುಡುಗಿಗೆ" ಎಂದರು. ನಮಗೂ ಆಗ ಹಾಗೆಯೇ ಅನ್ನಿಸಿತ್ತು. ಕೈಕಾಲು ಗಟ್ಟಿಯಾಗಿರುವ ಕೊನೆಯ ಕೆಲವು ವರ್ಷಗಳು ಯಾರ ಪಾಲಿಗೆ ಸೇರಬೇಕು? ಹೆತ್ತ ಮಕ್ಕಳಿಗೋ, ಗುರುತಿಲ್ಲದವರಿಗೋ?

ಮನುವಿನ ಪ್ರಕಾರ ತಲೆ ನರೆತು, ಮೈ ಸುಕ್ಕುಗಟ್ಟಿ, ಮಗನ ಮಗನನ್ನು ಕಂಡ ಗೃಹಸ್ಥನು ಅರಣ್ಯಕ್ಕೆ ಹೊರಡಬೇಕು; ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಬಹುದು, ಇಲ್ಲವೇ ಜೊತೆಗೆ ಕರೆದೊಯ್ಯಬಹುದು. ಮೊಮ್ಮಗನ ಮುಖ ಕಾಣುವುದು ನಮಗೆ ಮನೆಯಲ್ಲಿ ಉಳಿಯಲು ಕಾರಣ. ಆ ಶಾಸ್ತ್ರಕ್ಕೆ ಅದೇ ಹೊರಡುವ ಗಂಟೆ. ಆದರೆ ವಾನಪ್ರಸ್ಥನು ಹೋಗುವುದು ತನ್ನ ಆತ್ಮದ ಬಿಡುಗಡೆಗೆ. ಕಾಡಿನಲ್ಲಿ ಯಾರ ಕಚೇರಿಯ ಲೆಕ್ಕವನ್ನೂ ಬರೆಯಬೇಕಾಗಿಲ್ಲ.

ಕನ್ನಡಿಗರಾದ ನಾವು ಮಿಷನರಿ ಎಂದೊಡನೆ ಕಿಟೆಲ್ಲರನ್ನು ನೆನೆಯುತ್ತೇವೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದಾಗ ಅವರಿಗಿನ್ನೂ ಇಪ್ಪತ್ತೊಂದು. 1894ರಲ್ಲಿ ನಿಘಂಟು ಅಚ್ಚಾಗುವ ಹೊತ್ತಿಗೆ ಅರವತ್ತು ದಾಟಿದ್ದರು. ಬಂದ ಕೆಲಸ ಮತಪ್ರಚಾರ, ನಮಗೆ ಉಳಿದದ್ದು ನಿಘಂಟು. ಅವರ ಉದ್ದೇಶವನ್ನು ಬದಿಗಿಟ್ಟು ಫಲವನ್ನಷ್ಟೇ ನಾವು ಇಟ್ಟುಕೊಂಡೆವು. ಹೀಗೆ ಮಾಡಿದ್ದು ನ್ಯಾಯವೇ ಎಂದು ನಾವ್ಯಾರೂ ಹೆಚ್ಚು ಯೋಚಿಸಿದಂತಿಲ್ಲ.

ಮೂರನೆಯ ಮಹಡಿಯವರ ವಿಷಯದಲ್ಲೂ ಈ ತೊಡಕಿತ್ತು. ಒಂದು ದಿನ ಸಂಕೋಚ ಬಿಟ್ಟು ಕೇಳಿಯೇಬಿಟ್ಟೆವು: "ನಿಮ್ಮ ಸೇವೆಯ ಹಿಂದೆ ನಮ್ಮನ್ನು ನಿಮ್ಮವರನ್ನಾಗಿ ಮಾಡಿಕೊಳ್ಳುವ ಆಸೆ ಇದೆಯಲ್ಲವೇ?" ಯಜಮಾನರು ಸಿಟ್ಟಾಗಲಿಲ್ಲ. "ಇದೆ. ಒಳ್ಳೆಯದೆಂದು ನಂಬಿದ್ದನ್ನು ನೆರೆಯವನಿಗೆ ಹೇಳದಿದ್ದರೆ ನಾನು ಎಂಥ ನೆರೆಯವನು?" ಎಂದರು. ಮಾತು ಪ್ರಾಮಾಣಿಕ. ಆದರೂ ನಮಗೆ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ನೀರು ಕೊಡುವವನು ನೀರನ್ನಷ್ಟೇ ಕೊಟ್ಟರೆ ಸಾಕೆನ್ನುವವರು ನಾವು. ಅವರು ಕೊಟ್ಟ ಪುಸ್ತಕವನ್ನು ಮರ್ಯಾದೆಯಿಂದ ಕಪಾಟಿನಲ್ಲಿಟ್ಟೆವು, ಅಷ್ಟೇ. ಸ್ನೇಹಕ್ಕೆ ಅದರಿಂದ ಕುಂದು ಬರಲಿಲ್ಲ ಎಂಬುದನ್ನೂ ಹೇಳಬೇಕು.

ಒಂದು ವರ್ಷವಾದಾಗ ಅವರ ಅಣ್ಣ ತೀರಿಕೊಂಡರು. ಹಿರಿಯ ದಂಪತಿಗಳು ಇಂಥ ಸಂದರ್ಭದಲ್ಲಿ ಸ್ವಂತ ಖರ್ಚಿನಲ್ಲಿ ವಾರ ಹತ್ತು ದಿನ ಊರಿಗೆ ಹೋಗಿಬರಲು ಅವರ ಸಭೆ 2011ರಿಂದ ಅವಕಾಶ ಕೊಟ್ಟಿದೆ. ಇವರು ಹೋಗಲಿಲ್ಲ. "ಬರುವಾಗಲೇ ಅಣ್ಣನನ್ನು ಬೀಳ್ಕೊಂಡು ಬಂದಿದ್ದೇನೆ" ಎಂದರು. ಆಕೆ ಮೆಲ್ಲಗೆ, "ನೀವು ಬೀಳ್ಕೊಂಡಿರಿ. ಅತ್ತಿಗೆಯ ಪಕ್ಕದಲ್ಲಿ ಯಾರು ಕೂತಿರುತ್ತಾರೆ?" ಎಂದರು. ಗಂಡನ ಮಾತಿಗೆ ಆಕೆ ಎದುರಾಡಿದ್ದನ್ನು ನಾವು ಕೇಳಿದ್ದು ಅದೊಂದೇ ಸಲ. ಯಜಮಾನರು ಉತ್ತರ ಕೊಡಲಿಲ್ಲ.

ಅಂದು ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ನಾವು ಗದುಗಿನ ಕಡೆಯ ಹಳ್ಳಿಯಿಂದ ನೌಕರಿಗಾಗಿ ಈ ಊರಿಗೆ ಬಂದದ್ದು 1976ರಲ್ಲಿ. ಅಪ್ಪ ತೀರಿಕೊಂಡ ತಂತಿ 1989ರಲ್ಲಿ ಬಂತು. ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅವ್ವನ ಕೊನೆಯ ವರ್ಷಗಳು ಕಳೆದದ್ದು ತಮ್ಮನ ಮನೆಯಲ್ಲಿ. ನಾವು ತಿಂಗಳಿಗೊಂದು ಮನಿಯಾರ್ಡರ್ ಕಳಿಸಿದೆವು. ಓದುಗರಲ್ಲಿ ಬಹುಮಂದಿಯ ಕಥೆ ಇದಕ್ಕಿಂತ ಬೇರೆಯಿರಲಾರದು. ನಮ್ಮನ್ನು ಯಾರೂ ಮನೆಗೆ ಮಾರಿ ಎನ್ನಲಿಲ್ಲ. "ಹುಡುಗ ಮುಂದೆ ಬಂದ" ಎಂದರು. ಸಂಬಳಕ್ಕಾಗಿ ಊರು ಬಿಟ್ಟರೆ ಅದು ಕರ್ತವ್ಯ, ಕೈಯಿಂದ ಖರ್ಚು ಮಾಡಿಕೊಂಡು ಬಿಟ್ಟರೆ ಅದು ಹೊಣೆಗೇಡಿತನ! ಹೊಟ್ಟೆಪಾಡಿನ ಒತ್ತಾಯ ಬೇರೆ, ಇಷ್ಟಪಟ್ಟು ಹೋಗುವುದು ಬೇರೆ ಎಂದು ವಾದಿಸಬಹುದು. ಮೊದಲ ಐದು ವರ್ಷಕ್ಕೆ ಆ ವಾದ ಸಲ್ಲುತ್ತದೆ. ಬಡತಿ ಸಿಕ್ಕಿ, ಫ್ಲ್ಯಾಟು ಕೊಂಡ ಮೇಲೂ ನಾವು ಹಿಂತಿರುಗಲಿಲ್ಲವಲ್ಲ, ಅದು ಯಾವ ಒತ್ತಾಯದಿಂದ?

ಇಷ್ಟೆಲ್ಲ ಬರೆಯುವುದಕ್ಕೆ ಕಾರಣವಿದೆ. ಪುಣೆಯಲ್ಲಿರುವ ಮಗನಿಗೆ ಎರಡನೆಯ ಕೂಸು ಹುಟ್ಟಿದೆ. ಸೊಸೆ ಕೆಲಸಕ್ಕೆ ಮರಳಬೇಕು. "ಇಬ್ಬರೂ ಬಂದುಬಿಡಿ, ಅಲ್ಲಿ ನಿಮಗೇನಿದೆ?" ಎಂದು ಮಗ ಕೇಳುತ್ತಾನೆ. ಇಲ್ಲಿರುವುದು ನಮ್ಮ ಸಂಘದ ಭಾನುವಾರದ ಕನ್ನಡ ತರಗತಿ, ಹದಿನಾಲ್ಕು ಮಕ್ಕಳು. ಅವರಲ್ಲಿ ಒಬ್ಬಳು ಮೊನ್ನೆ ತಾನೇ ತನ್ನ ಅಜ್ಜಿಗೆ ಸ್ವಂತ ಕೈಯಿಂದ ಕಾಗದ ಬರೆದಳು. ಒತ್ತಕ್ಷರವೆಲ್ಲ ತಪ್ಪು, ಆದರೆ ಅಜ್ಜಿಗೆ ಓದಲು ಬಂತು. ನಾವು ಬಿಟ್ಟರೆ ಆ ತರಗತಿ ನಡೆಸುವವರು ಸದ್ಯಕ್ಕೆ ಯಾರೂ ಇಲ್ಲ. ಮೊಮ್ಮಕ್ಕಳಿಗೆ ಆಯಾ ಸಿಗಬಹುದು. ಆಯಾ ಅಜ್ಜನಾಗುವುದಿಲ್ಲ, ಅದೂ ನಿಜ.

ಹದಿನೆಂಟು ತಿಂಗಳು ಮುಗಿಸಿ ಮೂರನೆಯ ಮಹಡಿಯವರು ಊರಿಗೆ ಹೋದರು. ಹೊರಡುವ ದಿನ ಆಕೆ ನಮ್ಮ ಮನೆಯವರನ್ನು ತಬ್ಬಿಕೊಂಡು ಬಹಳ ಹೊತ್ತು ಅತ್ತರು. ಕುಕ್ಕರನ್ನು ನಮಗೇ ಕೊಟ್ಟು ಹೋದರು. ಈಗಲೂ ಆಗಾಗ ಫೋನು ಮಾಡುತ್ತಾರೆ. ಕಳೆದ ಸಲ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆವು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣನ ಮನೆಗೆ ಬಂದೊಡನೆ ಹೋಗಿದ್ದೆ. ಅತ್ತಿಗೆ ಬಾಗಿಲು ತೆಗೆದರು, ಏನೂ ಮಾತನಾಡಲಿಲ್ಲ" ಎಂದರು. ನಮ್ಮ ಪ್ರಶ್ನೆಗೆ ಅವರು ಬೇರೇನೂ ಹೇಳಲಿಲ್ಲ.

ನಮ್ಮ ಮನೆಯವರು ಜೂನ್ ತಿಂಗಳಿಗೆ ಪುಣೆಯ ಟಿಕೆಟ್ ಮಾಡಿಸಿದ್ದಾರೆ. ನಮ್ಮದಿನ್ನೂ ಆಗಿಲ್ಲ.