ತಾಯ್ತನವೂ ಒಂದು ಸಾಧನೆಯೇ?

ಮಕ್ಕಳನ್ನು ಸಾಕುವುದು ಆತ್ಮೋನ್ನತಿಗೆ ಅಡ್ಡಿಯೋ, ಅಥವಾ ಅದೇ ಒಂದು ಸಾಧನೆಯೋ ಎಂಬ ಪ್ರಶ್ನೆ ಭಾರತೀಯ ಚಿಂತನೆಯಲ್ಲಿ ಬಹಳ ಹಳೆಯದು. ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ಕಹೋಲನಿಗೆ ಉತ್ತರಿಸುವ ಯಾಜ್ಞವಲ್ಕ್ಯ, ಆತ್ಮವನ್ನು ಅರಿತವರು ಪುತ್ರ, ವಿತ್ತ, ಲೋಕ ಈ ಮೂರರ ಆಸೆಯನ್ನೂ ದಾಟಿ ಭಿಕ್ಷಾಟನೆಗೆ ಹೊರಡುತ್ತಾರೆ ಎನ್ನುತ್ತಾನೆ. ಇಲ್ಲಿ ಮಗುವೆಂದರೆ ನೀಗಿಕೊಳ್ಳಬೇಕಾದ ಒಂದು ಬಯಕೆ. ನಿದ್ದೆಗೆಟ್ಟು ಆ ಮಗುವನ್ನು ಎತ್ತಿಕೊಂಡವಳಿಗೆ ಏನು ಅರಿವಾಯಿತು ಎಂಬುದು ಚರ್ಚೆಯೊಳಗೆ ಬರುವುದೇ ಇಲ್ಲ. ತಾಯ್ತನದ ಬಗ್ಗೆ ಓದತಕ್ಕ ಪುಸ್ತಕಗಳು ಯಾವುವೆಂದರೆ, ಬಿಟ್ಟುಹೋದ ಈ ಅರಿವನ್ನು ಲೆಕ್ಕಕ್ಕೆ ಹಿಡಿದವು.

ಮಾರ್ಕಂಡೇಯ ಪುರಾಣದ ಮದಾಲಸೆಯ ಪ್ರಸಂಗದಿಂದ ಓದು ಶುರುವಾಗಬಹುದು. ಋತಧ್ವಜ ರಾಜನ ಹೆಂಡತಿ ಮದಾಲಸೆ ಅಳುವ ಕೂಸನ್ನು ರಮಿಸುತ್ತಲೇ ಅದಕ್ಕೆ ಆತ್ಮತತ್ತ್ವವನ್ನು ಹೇಳುತ್ತಾಳೆ. ವಿಕ್ರಾಂತ, ಸುಬಾಹು, ಶತ್ರುಮರ್ದನ ಎಂಬ ಮೊದಲ ಮೂವರು ಮಕ್ಕಳೂ ವಿರಕ್ತರಾಗುತ್ತಾರೆ. ವಂಶ ನಿಲ್ಲಲು ಒಬ್ಬನಾದರೂ ಬೇಕೆಂದು ರಾಜ ಕೇಳಿಕೊಂಡಾಗ ನಾಲ್ಕನೆಯವನಾದ ಅಲರ್ಕನಿಗೆ ಅವಳು ರಾಜಧರ್ಮವನ್ನೂ ಗೃಹಸ್ಥಧರ್ಮವನ್ನೂ ಕಲಿಸುತ್ತಾಳೆ. ಕಾಡಿಗೆ ಹೊರಡುವಾಗ ಅವನಿಗೊಂದು ಉಂಗುರ ಕೊಟ್ಟು, ದೊಡ್ಡ ಕಷ್ಟ ಬಂದಾಗ ಅದರೊಳಗಿನ ಬರಹವನ್ನು ಓದಿಕೋ ಎನ್ನುತ್ತಾಳೆ. ಮುಂದೆ ಕಾಶಿರಾಜ ಮುತ್ತಿಗೆ ಹಾಕಿದಾಗ ಅಲರ್ಕ ಅದನ್ನು ಓದಿ ದತ್ತಾತ್ರೇಯನ ಬಳಿಗೆ ಹೋಗಿ ಯೋಗವನ್ನು ಕಲಿಯುತ್ತಾನೆ.

ಎಲ್ಲ ಮಕ್ಕಳಿಗೂ ಒಂದೇ ಪಾಠ ಸಲ್ಲದು, ಹೇಳಿಕೊಟ್ಟದ್ದು ಫಲಿಸುವ ಹೊತ್ತನ್ನು ತಾಯಿ ನಿಶ್ಚಯಿಸಲಾರಳು ಎಂಬ ತಿಳಿವಳಿಕೆ ಈ ಕಥೆಯಲ್ಲಿದೆ. ಮಕ್ಕಳ ಪಾಲನೆಯನ್ನು ಕುರಿತ ಎಷ್ಟೋ ಹೊಸ ಪುಸ್ತಕಗಳಲ್ಲಿ ಇಷ್ಟು ತಾಳ್ಮೆ ಕಾಣುವುದಿಲ್ಲ. ಆದರೂ ಇಲ್ಲೊಂದು ಕೊರತೆ ಉಳಿಯುತ್ತದೆ. ಮದಾಲಸೆ ಮೊದಲಿನಿಂದಲೂ ಜ್ಞಾನಿ. ಮಕ್ಕಳು ಅವಳಿಂದ ಕಲಿಯುತ್ತಾರೆ, ಅವಳು ಮಕ್ಕಳಿಂದ ಏನನ್ನೂ ಕಲಿಯುವುದಿಲ್ಲ.

ಪಾಳಿ ಭಾಷೆಯ ಥೇರಿಗಾಥೆಯಲ್ಲಿ ಇದು ತಿರುವುಮುರುವಾಗುತ್ತದೆ. ಬೌದ್ಧ ಭಿಕ್ಷುಣಿಯರ ಹಾಡುಗಳೆಂದು ಬಂದಿರುವ ಈ ಸಂಗ್ರಹದಲ್ಲಿ ಮಾತಾಡುವವರು ಹೆಂಗಸರೇ. ಮಗಳು ಜೀವಾಳನ್ನು ಕಳೆದುಕೊಂಡು ಗೋಳಿಡುವ ಉಬ್ಬಿರಿಗೆ, ಅದೇ ಮಸಣದಲ್ಲಿ ಅದೇ ಹೆಸರಿನ 84,000 ಮಂದಿ ಬೂದಿಯಾಗಿದ್ದಾರೆ, ಅವರಲ್ಲಿ ಯಾರಿಗಾಗಿ ಅಳುತ್ತಿರುವೆ ಎಂಬ ಪ್ರಶ್ನೆ ಎದುರಾಗುತ್ತದೆ. ಮಗನ ಸಾವಿನಿಂದ ಮತಿಗೆಟ್ಟು ಬೀದಿ ಅಲೆದ ವಾಸೆಟ್ಠಿಯೂ ಅಲ್ಲಿದ್ದಾಳೆ. ಜ್ಞಾನ ಇವರಿಗೆ ತಾಯ್ತನದ ದುಃಖವನ್ನು ಹಾದೇ ದಕ್ಕುತ್ತದೆ. ಆದರೆ ದಕ್ಕುವ ಹೊತ್ತಿಗೆ ಮಗು ಇಲ್ಲ, ಮನೆಯೂ ಇಲ್ಲ.

ಮಗು ಮಡಿಲಲ್ಲಿರುವಾಗಲೇ ನಡೆಯುವ ಚಿಂತನೆಯನ್ನು ತತ್ತ್ವಶಾಸ್ತ್ರದ ವಿಷಯವಾಗಿಸಿದ್ದು ಇಪ್ಪತ್ತನೆಯ ಶತಮಾನದ ಲೇಖಕಿಯರು. ಅಮೆರಿಕದ ಕವಿ, ಮೂರು ಗಂಡುಮಕ್ಕಳ ತಾಯಿ ಏಡ್ರಿಯನ್ ರಿಚ್ 1976ರಲ್ಲಿ ಪ್ರಕಟಿಸಿದ ‘ಆಫ್ ವುಮನ್ ಬಾರ್ನ್’, ತಾಯ್ತನವೆಂಬ ಅನುಭವ ಬೇರೆ, ಸಮಾಜ ಕಟ್ಟಿದ ತಾಯ್ತನವೆಂಬ ಸಂಸ್ಥೆ ಬೇರೆ ಎಂದು ಬಿಡಿಸಿ ತೋರಿಸುತ್ತದೆ. ಮಕ್ಕಳ ಮೇಲಿನ ಪ್ರೀತಿ ಮತ್ತು ಸಿಟ್ಟು ಒಂದೇ ಎದೆಯಲ್ಲಿ ಇರಬಲ್ಲವು ಎಂದು ತನ್ನ ದಿನಚರಿಯ ಆಧಾರದಲ್ಲೇ ಬರೆಯುವ ಧೈರ್ಯ ಅದಕ್ಕಿದೆ. 1989ರಲ್ಲಿ ಬಂದ ಸಾರಾ ರಡಿಕ್ ಅವರ ‘ಮೆಟರ್ನಲ್ ಥಿಂಕಿಂಗ್’ ಈ ಸಾಲಿನಲ್ಲಿ ಅತ್ಯಂತ ಮುಖ್ಯವಾದದ್ದು. ಮಗುವಿನ ಜೀವ ಉಳಿಸುವುದು, ಅದನ್ನು ಬೆಳೆಸುವುದು, ಸಮಾಜ ಒಪ್ಪುವಂತೆ ತಿದ್ದುವುದು ಎಂಬ ಮೂರು ಹೊಣೆಗಳಿಂದ ವಿಶಿಷ್ಟವಾದೊಂದು ಆಲೋಚನಾಕ್ರಮ ರೂಪುಗೊಳ್ಳುತ್ತದೆ ಎಂಬುದು ರಡಿಕ್ ವಾದ. ಈ ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಮರ ಹತ್ತುವ ಮಗುವನ್ನು ಹತ್ತಗೊಡಬೇಕೋ ಇಳಿಸಬೇಕೋ ಎಂದು ತೀರ್ಮಾನಿಸುವುದೂ ವಿವೇಕದ ಅಭ್ಯಾಸವೇ. ಹೆರುವುದಕ್ಕೂ ಈ ಕೆಲಸಕ್ಕೂ ಕಡ್ಡಾಯದ ನಂಟಿಲ್ಲ, ಗಂಡಸರೂ ಇದನ್ನು ಮಾಡಬಲ್ಲರು ಎಂದೂ ಅವರು ಹೇಳುತ್ತಾರೆ.

ಕನ್ನಡದಲ್ಲಿ ಈ ಪ್ರಶ್ನೆಯ ಎರಡು ತುದಿಗಳನ್ನೂ ಮುಟ್ಟಿದವರು ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ. ಅವರ ‘ತಾಯಿ-ಮಗು’ ಬಸಿರು, ಹೆರಿಗೆ, ಶಿಶುಪಾಲನೆಯ ವಿಷಯಗಳನ್ನು ಮನೆಮಾತಿನಲ್ಲಿ ತಿಳಿಸಿತು. ಅವರ ‘ಮಾಧವಿ’ ಕಾದಂಬರಿ ಮಹಾಭಾರತದ ಉದ್ಯೋಗಪರ್ವದ ಕಥೆಯನ್ನು ಎತ್ತಿಕೊಳ್ಳುತ್ತದೆ. ಗಾಲವನ ಗುರುದಕ್ಷಿಣೆಗೆ ಬೇಕಾದ 800 ಕುದುರೆಗಳಿಗಾಗಿ ಯಯಾತಿ ತನ್ನ ಮಗಳನ್ನೇ ಕೊಟ್ಟುಬಿಡುತ್ತಾನೆ. ಮೂವರು ರಾಜರಿಗೂ ಕೊನೆಗೆ ವಿಶ್ವಾಮಿತ್ರನಿಗೂ ಒಬ್ಬೊಬ್ಬ ಮಗನನ್ನು ಹೆತ್ತು ಒಪ್ಪಿಸಿದ ಮಾಧವಿ, ಸ್ವಯಂವರದಲ್ಲಿ ಯಾರನ್ನೂ ವರಿಸದೆ ಕಾಡನ್ನು ಆರಿಸಿಕೊಳ್ಳುತ್ತಾಳೆ. ಮಕ್ಕಳನ್ನು ಸಾಕುವ ಅವಕಾಶವೇ ಸಿಗದವಳಿಗೆ ತಾಯ್ತನ ಸಾಧನೆಯಾಗುವುದು ಹೇಗೆ? ಒತ್ತಾಯದಿಂದ ಬಂದ ತಾಯ್ತನವನ್ನು ತ್ಯಾಗವೆಂದು ಹೊಗಳುವವರು ಈ ಕಥೆಗೆ ಉತ್ತರ ಕೊಡಬೇಕಾಗುತ್ತದೆ.

ಇಂಥ ಪುಸ್ತಕಗಳನ್ನು ಬಸುರಿಗೋ ಬಾಣಂತಿಗೋ ಉಡುಗೊರೆಯಾಗಿ ಕೊಡುವ ರೂಢಿಯಿದೆ. ರಡಿಕ್ ಮಾತು ನಿಜವಾದರೆ, ಮನೆಯ ಗಂಡಸರು ಇವನ್ನು ಅವಳಿಗಿಂತ ಮೊದಲೇ ಓದಬೇಕು.