ಸೃಷ್ಟಿಕರ್ತನಿಗೆ ಯಾವ ಪಿರಿಯಡ್?

ಚಿಕ್ಕೋಡಿ ಸೀಮೆಯ ಸದಲಗಾ ದೂಧಗಂಗಾ ದಂಡೆಯ ಊರು. ಜೈನ ಮುನಿ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ್ದು ಇಲ್ಲಿ. ಅದಕ್ಕೂ ನಲವತ್ತು ವರ್ಷ ಮೊದಲು, 1906ರಲ್ಲಿ, ಪ್ರಾಕೃತದ ದೊಡ್ಡ ವಿದ್ವಾಂಸ ಆ.ನೇ. ಉಪಾಧ್ಯೆ ಹುಟ್ಟಿದ್ದೂ ಇಲ್ಲೇ. ನಿಪ್ಪಾಣಿ ಕಡೆ ಹೊರಳಿದರೆ, ವೇದಗಂಗೆ ದೂಧಗಂಗೆಯನ್ನು ಕೂಡುವಲ್ಲಿ ಭೋಜ ಸಿಗುತ್ತದೆ. ಬಹುಪಾಲು ಬತ್ತಿಹೋಗಿದ್ದ ದಿಗಂಬರ ಮುನಿಪರಂಪರೆಗೆ ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಜೀವ ತುಂಬಿದ ಆಚಾರ್ಯ ಶಾಂತಿಸಾಗರರ ಊರು ಅದು. ಕಾಗವಾಡದ ಪಕ್ಕದ ಶೇಡಬಾಳ ಆಚಾರ್ಯ ವಿದ್ಯಾನಂದರದು. ರಾಯಬಾಗದಲ್ಲಿ ರಟ್ಟರ ಕಾಲದ ಬಸದಿಯಿದೆ.

ಇಷ್ಟು ಮುನಿಗಳನ್ನು ಕೊಟ್ಟ ಸೀಮೆಯ ಈ ಜೈನ ಧರ್ಮದಲ್ಲಿ ಜಗತ್ತನ್ನು ಮಾಡಿದವನು ಎಂಬುವನೇ ಇಲ್ಲ. ಮುನಿಗಳ ಆಹಾರದ ಹೊತ್ತಿಗೆ ಮಡಿಯುಟ್ಟು, ಕಲಶ ಹಿಡಿದು ಬಾಗಿಲಲ್ಲಿ ಕಾಯುವ ಮನೆಯವರ ಶ್ರದ್ಧೆಯನ್ನು ಅನುಮಾನಿಸುವ ಧೈರ್ಯ ಯಾರಿಗೂ ಬರಲಿಕ್ಕಿಲ್ಲ. ಆದರೆ ಅವರು ಕೈಮುಗಿಯುವ ತೀರ್ಥಂಕರ ಸೂರ್ಯಚಂದ್ರರನ್ನು ಮಾಡಿದವನಲ್ಲ, ಹಾದಿ ತೋರಿಸಿದವನು. ಜೀವ, ಪುದ್ಗಲವೆಂಬ ಜಡವಸ್ತು, ಕಾಲ, ಆಕಾಶ ಎಲ್ಲವೂ ಅನಾದಿ. ಅತ್ತ ಅಥಣಿಯ ಗಚ್ಚಿನಮಠಕ್ಕೆ ನಡೆದುಕೊಳ್ಳುವವರಿಗೆ ಶಿವನೇ ಜಗತ್ಕರ್ತ. ಎರಡೂ ಕಡೆಯವರು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿ, ಒಂದೇ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಿ, ನೆಮ್ಮದಿಯಿಂದ ಇದ್ದಾರೆ.

ಈ ನೆಲದಲ್ಲಿ ನಿಂತು ನೋಡಿದರೆ ಅಮೆರಿಕದ ಡೋವರ್ ಎಂಬ ಸಣ್ಣ ಊರಿನ ಜಗಳ ವಿಚಿತ್ರವಾಗಿ ಕಾಣುತ್ತದೆ. ಪೆನ್ಸಿಲ್ವೇನಿಯಾದ ಆ ಊರಿನ ಶಾಲಾ ಮಂಡಳಿ 2004ರಲ್ಲಿ ಒಂದು ನಿರ್ಣಯ ಮಾಡಿತು. ಒಂಬತ್ತನೇ ತರಗತಿಯ ಜೀವಶಾಸ್ತ್ರ ಪಾಠಕ್ಕೆ ಮೊದಲು, ಡಾರ್ವಿನ್ನನ ವಿಕಾಸವಾದದಲ್ಲಿ ಸಂದುಗಳಿವೆ, ‘ಇಂಟೆಲಿಜೆಂಟ್ ಡಿಸೈನ್’ ಎಂಬ ಇನ್ನೊಂದು ವಿವರಣೆಯೂ ಉಂಟು ಎಂಬ ಹೇಳಿಕೆಯನ್ನು ಮಕ್ಕಳೆದುರು ಓದಬೇಕು. ಜೀವಿಗಳ ರಚನೆಯ ಹಿಂದೆ ಒಬ್ಬ ಬುದ್ಧಿವಂತ ವಿನ್ಯಾಸಕಾರ ಇರಲೇಬೇಕು ಎನ್ನುವುದು ಆ ವಾದ. ವಿಜ್ಞಾನದ ಶಿಕ್ಷಕರು ಓದಲು ಒಪ್ಪಲಿಲ್ಲ, ಆಡಳಿತದವರೇ ಬಂದು ಓದಿದರು. ಹನ್ನೊಂದು ಮಂದಿ ಪಾಲಕರು ಕೋರ್ಟಿಗೆ ಹೋದರು.

ವಿಚಾರಣೆ ತಮಾಷೆಯಾಗಿಯೂ ಇತ್ತು. ಮಕ್ಕಳಿಗೆ ಸೂಚಿಸಿದ ಪುಸ್ತಕದ ಹಳೆಯ ಕರಡುಗಳನ್ನು ತರಿಸಿ ನೋಡಿದರೆ, ಮೊದಲು ನೇರವಾಗಿ ‘ಸೃಷ್ಟಿವಾದ’ ಎಂದೇ ಬರೆದಿತ್ತು. ಸೃಷ್ಟಿವಾದವನ್ನು ಸರಕಾರಿ ಶಾಲೆಯಲ್ಲಿ ಕಲಿಸುವ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1987ರಲ್ಲಿ ರದ್ದು ಮಾಡಿದ ಮೇಲೆ, ಅದೇ ವಾಕ್ಯಗಳಲ್ಲಿ ‘ವಿನ್ಯಾಸ’ ಬಂದು ಕೂತಿತ್ತು. ವಿನ್ಯಾಸವಾದದ ಮುಖ್ಯ ಸಾಕ್ಷಿ, ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ, ತಾವು ಕೊಡುವ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತವಾಗುತ್ತದೆ ಎಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಬರೆದು, ಇದು ವಿಜ್ಞಾನವಲ್ಲ, ವಿಜ್ಞಾನದ ಪಾಠದಲ್ಲಿ ಇದಕ್ಕೆ ಜಾಗವಿಲ್ಲ ಎಂದರು. ಅವರನ್ನು ನೇಮಿಸಿದ್ದು ವಿನ್ಯಾಸವಾದದ ಬಗ್ಗೆ ಮೆದುವಾಗಿದ್ದ ಅಧ್ಯಕ್ಷ ಜಾರ್ಜ್ ಬುಷ್.

ವಾದದ ತಿರುಳು ಹಳೆಯದೇ. 1802ರಲ್ಲಿ ವಿಲಿಯಂ ಪೇಲಿ ಎಂಬ ಇಂಗ್ಲಿಷ್ ಪಾದ್ರಿ, ಬಯಲಲ್ಲಿ ಒಂದು ಗಡಿಯಾರ ಬಿದ್ದಿದ್ದರೆ ಅದನ್ನು ಮಾಡಿದವನೊಬ್ಬ ಇದ್ದೇ ಇರಬೇಕಲ್ಲ, ಕಣ್ಣಿನಂಥ ಕಣ್ಣಿಗೆ ಮಾಡಿದವನಿಲ್ಲವೇ ಎಂದು ಕೇಳಿದ. ಅಥಣಿ ಸೀಮೆಯಲ್ಲಿ ಗಡಿಯಾರದ ಬದಲು ಚಪ್ಪಲಿ ಸಾಕು. ಹೊಲದ ಬದುವಿನ ಮೇಲೆ ಮೊಳೆಯಿಲ್ಲದೆ ತೊಗಲಿನ ದಾರದಲ್ಲೇ ಹೊಲಿದ ಒಂದು ಜೋಡು ಬಿದ್ದಿದ್ದರೆ, ಅದು ಮಳೆಗೆ ಮೊಳೆತದ್ದು ಎಂದು ಯಾರೂ ಹೇಳುವುದಿಲ್ಲ. ಮದಭಾವಿಯದೋ, ನಿಪ್ಪಾಣಿಯದೋ ಎಂದಷ್ಟೇ ಚರ್ಚೆಯಾದೀತು. ಏಕೆಂದರೆ ಚಪ್ಪಲಿ ಮಾಡುವವರನ್ನು ಜನ ಕಂಡಿದ್ದಾರೆ. ಜಗತ್ತು ಮಾಡುವವರನ್ನು ಕಂಡವರಿಲ್ಲ, ಹೋಲಿಸಲು ಇನ್ನೊಂದು ಜಗತ್ತೂ ಇಲ್ಲ. 1779ರಲ್ಲಿ ಅಚ್ಚಾದ ಪುಸ್ತಕದಲ್ಲೇ ತತ್ವಜ್ಞಾನಿ ಡೇವಿಡ್ ಹ್ಯೂಮ್ ಈ ತೊಡಕನ್ನು ಎತ್ತಿ ತೋರಿಸಿದ್ದ. ಮೇಲಾಗಿ ಚಪ್ಪಲಿ ಮರಿ ಹಾಕುವುದಿಲ್ಲ. ಮರಿ ಹಾಕುವ ವಸ್ತುವಿನ ಕಥೆಯೇ ಬೇರೆ.

ಅದಕ್ಕೂ ಇಲ್ಲೇ ಸಾಕ್ಷಿಯಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸಾಂಗಲಿ ಕಡೆಯ ಸಂಸ್ಥಾನಿಕರು ಕೃಷ್ಣಾ ದಂಡೆಯ ಅಂಟು ಎರೆಮಣ್ಣನ್ನು ಎಳೆಯಬಲ್ಲ ಭಾರೀ ಎತ್ತು ಬೇಕೆಂದು ಗೀರ್, ಓಂಗೋಲ್, ಕಾಂಕ್ರೇಜ್ ದನಗಳನ್ನು ಇಲ್ಲಿನ ದನದೊಂದಿಗೆ ಕೂಡಿಸಿ ‘ಕೃಷ್ಣಾ ವ್ಯಾಲಿ’ ತಳಿ ಬೆಳೆಸಿದರು. ಕೆಲವೇ ದಶಕಗಳಲ್ಲಿ ಮೈಕಟ್ಟೇ ಬದಲಾಯಿತು. ಆರಿಸುವ ಕೈ ಮನುಷ್ಯನದಾದರೆ ಇಷ್ಟು. ಬರ, ರೋಗ, ಮೇವಿನ ಕೊರತೆ ಲಕ್ಷಾಂತರ ವರ್ಷ ಆರಿಸುತ್ತ ಹೋದರೆ ಎಷ್ಟು ಎಂಬುದು ಡಾರ್ವಿನ್ನನ ಪ್ರಶ್ನೆ. ಅದೇ ಎತ್ತಿನ ಕುತ್ತಿಗೆಯನ್ನು ದನದ ಡಾಕ್ಟರು ಬಿಡಿಸಿ ತೋರಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಗಂಟಲಿನ ಧ್ವನಿಪೆಟ್ಟಿಗೆಗೆ ಹೋಗಬೇಕಾದ ಒಂದು ನರ ತಲೆಯಿಂದ ಹೊರಟು, ಗಂಟಲನ್ನು ದಾಟಿ ಎದೆಗಿಳಿದು, ಹೃದಯದ ಮಹಾಧಮನಿಯನ್ನು ಸುತ್ತಿ, ಮತ್ತೆ ಮೇಲೇರುತ್ತದೆ. ಗೇಣುದ್ದದ ದಾರಿಗೆ ಇಷ್ಟು ಸುತ್ತು. ಮೀನಿನಂಥ ಪೂರ್ವಜರಲ್ಲಿ ಈ ದಾರಿ ನೆಟ್ಟಗಿತ್ತು, ಕುತ್ತಿಗೆ ಬೆಳೆದಂತೆ ನರವೂ ಎಳೆದು ಉದ್ದವಾಯಿತು ಎಂಬುದು ವಿಕಾಸವಾದದ ವಿವರಣೆ. ವಿನ್ಯಾಸಕಾರನ ಮನಸ್ಸಿನಲ್ಲಿ ಏನಿತ್ತೋ ಬಲ್ಲವರಾರು ಎಂಬುದು ವಿನ್ಯಾಸವಾದಿಯ ಉತ್ತರ.

ಈ ಉತ್ತರ ಸುಳ್ಳೆಂದಲ್ಲ. ಯಾವ ಪುರಾವೆ ಬಂದರೂ ಅದು ಸೋಲುವುದಿಲ್ಲ ಎನ್ನುವುದೇ ತಾಪತ್ರಯ. ವಿಕಾಸವಾದ ಹಾಗಲ್ಲ. ಪಳೆಯುಳಿಕೆ ವಿಜ್ಞಾನಿ ನೀಲ್ ಶೂಬಿನ್ ಮತ್ತು ಸಂಗಡಿಗರು, ಮೀನು ನೆಲಕ್ಕೇರಿದ ಕಾಲದ ಕಲ್ಲಿನಲ್ಲಿ ಹುಡುಕಿದರೆ ನಡುವಿನ ಜೀವಿ ಸಿಗಬೇಕು ಎಂದು ಲೆಕ್ಕ ಹಾಕಿ, ಕೆನಡಾದ ಉತ್ತರ ತುದಿಯ ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಗಳನ್ನು ಅಗೆದು, 2004ರಲ್ಲಿ ‘ಟಿಕ್ಟಾಲಿಕ್’ ಪಳೆಯುಳಿಕೆಯನ್ನು ಎತ್ತಿದರು. ಎಲ್ಲಿ ಅಗೆಯಬೇಕು ಎಂದು ವಿನ್ಯಾಸವಾದ ಹೇಳುವುದಿಲ್ಲ. ವಿಜ್ಞಾನದ ಪಿರಿಯಡ್‌ನಲ್ಲಿ ಅದಕ್ಕೆ ಮಾಡಲು ಕೆಲಸವೇ ಇಲ್ಲ.

ದರ್ಶನದಲ್ಲಿ ಮಾತ್ರ ಬೇಕಾದಷ್ಟು ಕೆಲಸವಿದೆ, ಸಾವಿರ ವರ್ಷದಿಂದ ನಡೆದೂ ಇದೆ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ವಾದವನ್ನು ಎಳೆಎಳೆಯಾಗಿ ಬಿಡಿಸಿದ್ದಾರೆ. ಮಾಡುವ ಮೊದಲು ಅವನು ನಿಂತದ್ದೆಲ್ಲಿ, ಸಾಮಗ್ರಿ ಎಲ್ಲಿಯದು? ಸಾಮಗ್ರಿ ತಾನಾಗಿ ಇತ್ತೆಂದರೆ ಜಗತ್ತೂ ತಾನಾಗಿ ಇದ್ದಿರಬಾರದೇಕೆ? ಏನೂ ಕೊರತೆಯಿಲ್ಲದವನಿಗೆ ಮಾಡಬೇಕೆಂಬ ಆಸೆ ಹುಟ್ಟಿದ್ದು ಹೇಗೆ? ದಯೆಯಿಂದ ಮಾಡಿದನೆಂದರೆ ಇಷ್ಟು ದುಃಖವೇಕೆ? ಪ್ರಶ್ನೆಗಳ ಧಾಟಿ ಇದು. ಪಂಪ 941ರಲ್ಲಿ ಕನ್ನಡಕ್ಕೆ ತಂದ ಆದಿಪುರಾಣದ ಮೂಲ ಇದೇ ಗ್ರಂಥ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1980ರ ‘ಕಾಸ್ಮಾಸ್’ ಪುಸ್ತಕದಲ್ಲಿ ಜಿನಸೇನರ ಮಾತನ್ನು ಉದ್ಧರಿಸಿದ. ಹಿಂದಿ ಅನುವಾದದೊಂದಿಗೆ ಆ ಪುರಾಣ ಅಚ್ಚಾದದ್ದು ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಯಲ್ಲಿ. ಹೀರಾಲಾಲ ಜೈನರ ಜೊತೆ ಆ ಮಾಲೆಯ ಪ್ರಧಾನ ಸಂಪಾದಕರಾಗಿದ್ದವರು ಸದಲಗಾದ ಉಪಾಧ್ಯೆ.

ಎದುರಾಳಿಗಳೂ ಸಾಮಾನ್ಯರಲ್ಲ. ಹತ್ತನೇ ಶತಮಾನದ ನೈಯಾಯಿಕ ಉದಯನ, ಕಾರ್ಯವಿದ್ದ ಮೇಲೆ ಕರ್ತೃ ಇರಲೇಬೇಕೆಂದು ‘ನ್ಯಾಯಕುಸುಮಾಂಜಲಿ’ ಬರೆದ. ಸೋಜಿಗವೆಂದರೆ, ಮೇಲುಕೋಟೆಯ ರಾಮಾನುಜರು ಈ ವಿಷಯದಲ್ಲಿ ಉದಯನನ ಕೈ ಹಿಡಿಯುವುದಿಲ್ಲ. ಶ್ರೀಭಾಷ್ಯದಲ್ಲಿ ಅವರು, ಜಗತ್ತನ್ನು ನೋಡಿ ಅನುಮಾನದಿಂದ ಈಶ್ವರನನ್ನು ಸಾಧಿಸಲಾಗದು ಎನ್ನುತ್ತಾರೆ: ದೊಡ್ಡ ಕಟ್ಟಡವನ್ನು ಹಲವರು ಸೇರಿ ಕಟ್ಟುವುದನ್ನು ಕಾಣುತ್ತೇವೆ, ಕಟ್ಟುವವರಿಗೆಲ್ಲ ದೇಹವಿರುವುದನ್ನೂ ಕಾಣುತ್ತೇವೆ, ಹಾಗಿರುವಾಗ ಒಬ್ಬನೇ ಸರ್ವಜ್ಞ ಎಂಬ ತೀರ್ಮಾನ ಎಲ್ಲಿಂದ ಬಂತು? ಬ್ರಹ್ಮವನ್ನು ತಿಳಿಸುವುದು ಶಾಸ್ತ್ರವೇ. ಹ್ಯೂಮ್ ಇಂಥದೇ ಮಾತಾಡುವುದಕ್ಕೆ ಆರು ಶತಮಾನ ಮುಂಚೆ, ದೇವರನ್ನು ಕಳೆಯಲೆಂದಲ್ಲ, ಪೂರ್ತಿ ನಂಬಿದವರು ಆಡಿದ ಮಾತಿದು. ಡೋವರ್‌ನ ಮಂಡಳಿಗೆ ಇಂಥ ಭಕ್ತರ ಪರಿಚಯವಿರಲಿಲ್ಲ.

ಹಾಗಾದರೆ ಜಿನಸೇನರನ್ನು ವಿಜ್ಞಾನದ ಪಾಠಕ್ಕೆ ಕರೆತರಬಹುದಲ್ಲ ಎಂಬ ಚಪಲ ಹುಟ್ಟುವುದು ಸಹಜ. ಬೇಡ. ಜೈನರ ಅವಸರ್ಪಿಣಿ ಕಾಲದಲ್ಲಿ ಮನುಷ್ಯನ ಆಯುಸ್ಸು, ಎತ್ತರ ಎರಡೂ ಇಳಿಯುತ್ತ ಬರುತ್ತವೆ. ಡಾರ್ವಿನ್ನನ ಕಥೆಗೂ ಇದಕ್ಕೂ ಸಂಬಂಧವಿಲ್ಲ. ‘ಎರಡೂ ಪಕ್ಷ ಕಲಿಸಿ’ ಎನ್ನುವವರು ಅನೇಕಾಂತವಾದವನ್ನು ಸಾಕ್ಷಿಗೆ ಕರೆಯುವುದೂ ಉಂಟು. ಆದರೆ ಒಂದೇ ವಸ್ತುವನ್ನು ಹಲವು ನೆಲೆಗಳಿಂದ ನೋಡಬಹುದು ಎಂದ ಜೈನ ತಾರ್ಕಿಕರು, ಎಲ್ಲ ವಾದವೂ ಸರಿ ಎಂದು ಸುಮ್ಮನೆ ಕೂತವರಲ್ಲ. ಸಮಂತಭದ್ರ, ಅಕಲಂಕರು ಎದುರಾಳಿಯ ಮಾತನ್ನು ಪ್ರಮಾಣಕ್ಕೆ ಒಡ್ಡಿ, ನಿಲ್ಲದ್ದನ್ನು ನಿಲ್ಲದು ಎಂದೇ ಹೇಳಿದರು.

ಭಾರತದಲ್ಲಿ ಡೋವರ್‌ನಂಥ ಮೊಕದ್ದಮೆ ನಡೆದಿಲ್ಲ, ಹತ್ತಿರದ್ದು ನಡೆದಿದೆ. 2001ರಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ‘ಜ್ಯೋತಿರ್ವಿಜ್ಞಾನ’ ತೆರೆಯಲು ಹೊರಟಾಗ ವಿಜ್ಞಾನಿ ಪಿ.ಎಂ. ಭಾರ್ಗವ ಮತ್ತಿತರರು ತಡೆ ಕೇಳಿದರು. 2004ರಲ್ಲಿ ಸುಪ್ರೀಂ ಕೋರ್ಟ್ ಅವರ ಮೇಲ್ಮನವಿಯನ್ನು ವಜಾ ಮಾಡಿತು. ಬೀಹಿ ಪಾಟೀಸವಾಲಿನಲ್ಲಿ ಮುಜುಗರದಿಂದ ಒಪ್ಪಿದ್ದು ಇಲ್ಲಿ ಒಂದು ವರ್ಷ ಮೊದಲೇ ಊರ್ಜಿತವಾಗಿತ್ತು. 2018ರಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ತಪ್ಪು ಎಂದಾಗ, ಬೆಂಗಳೂರಿನದೂ ಸೇರಿ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಪ್ರತಿಹೇಳಿಕೆ ಕೊಟ್ಟವು. 2023ರ ಎನ್‌ಸಿಇಆರ್‌ಟಿ ಹತ್ತನೇ ತರಗತಿ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಅಧ್ಯಾಯ ಬರೀ ‘ಅನುವಂಶೀಯತೆ’ ಆಯಿತು. ಮಕ್ಕಳ ಹೊರೆ ಇಳಿಸಲೆಂದು ಕಾರಣ ಕೊಟ್ಟರು. ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಎಂದರು. ಸಾವಿರದೆಂಟುನೂರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪ್ರತಿಭಟಿಸಿ ಸಹಿ ಹಾಕಿದರು. ಹನ್ನೆರಡರ ಜೀವಶಾಸ್ತ್ರ ಓದುವುದು ವಿಜ್ಞಾನ ಹಿಡಿದವರು ಮಾತ್ರ.

ಕರ್ನಾಟಕದ ಪಿಯುಸಿಯಲ್ಲಿ ತರ್ಕಶಾಸ್ತ್ರ ಎಂಬ ವಿಷಯವಿದೆ. ಹೇತು ಯಾವುದು, ಹೇತುವಿನಂತೆ ಕಾಣುವ ಮೋಸ ಯಾವುದು ಎಂದು ಅಲ್ಲಿ ಕಲಿಯುತ್ತಾರೆ. ಜಿನಸೇನ, ಉದಯನ, ರಾಮಾನುಜ, ಪೇಲಿ, ಹ್ಯೂಮ್ ಐವರನ್ನೂ ಒಂದೇ ಬೆಂಚಿನಲ್ಲಿ ಕೂಡಿಸಿ ಜಗಳ ಹಚ್ಚಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅದು ಕಲಾ ವಿಭಾಗದ ಪಾಲಿಗೆ ಬಂದಿದೆ. ಚಿಕ್ಕೋಡಿಯಲ್ಲಿ ನೀಟ್‌ಗೆ ತಯಾರಾಗುವ ಹುಡುಗಿ ವಿಕಾಸವಾದ ಓದುತ್ತಾಳೆ, ತರ್ಕ ಓದುವುದಿಲ್ಲ. ರಾಯಬಾಗದ ಕಲಾ ವಿಭಾಗದ ಹುಡುಗ ತರ್ಕ ಓದಬಹುದು, ವಿಕಾಸವಾದದ ಗಂಧ ಅವನಿಗೆ ಸಿಗುವುದಿಲ್ಲ. ಕಾಮರ್ಸ್ ಸೇರಿದವರಿಗೆ ಎರಡೂ ಇಲ್ಲ. ವಾರಕ್ಕೊಂದು ಪಿರಿಯಡ್ ಮೂರೂ ವಿಭಾಗದವರನ್ನು ಒಂದೇ ಕೋಣೆಯಲ್ಲಿ ಕೂರಿಸಲು ಹೊಸ ಕಾನೂನೇನೂ ಬೇಕಿಲ್ಲ, ಟೈಮ್‌ಟೇಬಲ್ ಹಾಕುವ ಉಪನ್ಯಾಸಕರು ಮನಸ್ಸು ಮಾಡಿದರೆ ಆದೀತು.